ಅಗ್ರಿಮೆಂಟ್ ಆದ ಮೇಲೆ ಮನೆ ಮಾರುವುದಿಲ್ಲ ಅಂದರೆ ಏನು ಮಾಡಬಹುದು?

ಪ್ರಶ್ನೆ: ಬೆಂಗಳೂರಿನಲ್ಲಿ ಒಂದು ಹಳೆಯ ಮನೆ ಕೊಳ್ಳಲು ಹದಿನಾಲ್ಕು ತಿಂಗಳ ಹಿಂದೆ ಅಗ್ರಿಮೆಂಟ್ ಮಾಡಿಕೊಂಡೆವು. ಒಟ್ಟು 85 ಲಕ್ಷ ರೂಪಾಯಿ. ಮೊದಲು 10 ಲಕ್ಷ, ಆಮೇಲೆ 5 ಲಕ್ಷ ಕೊಟ್ಟಿದ್ದೇವೆ, ಎರಡೂ ಬ್ಯಾಂಕ್ ಮೂಲಕ. ಆರು ತಿಂಗಳೊಳಗೆ ರಿಜಿಸ್ಟ್ರೇಷನ್ ಆಗಬೇಕು ಅಂತ ಬರೆದಿದೆ. ಅಗ್ರಿಮೆಂಟ್ ಛಾಪಾ ಕಾಗದದ ಮೇಲಿದೆ, ನೋಂದಣಿ ಮಾಡಿಸಿಲ್ಲ. ನಮ್ಮ ಬ್ಯಾಂಕ್ ಸಾಲ ಮಂಜೂರಾಗಿತ್ತು. ಮಾರುವವರು "ತಂಗಿ ಸಹಿ ಹಾಕಬೇಕು, ಸ್ವಲ್ಪ ತಡೀರಿ" ಅಂತ ಮುಂದೂಡುತ್ತಲೇ ಬಂದರು. ಈಗ "ರೇಟು ಜಾಸ್ತಿ ಆಗಿದೆ, ಇನ್ನೂ 20 ಲಕ್ಷ ಕೊಡಿ, ಇಲ್ಲಾಂದ್ರೆ ಅಡ್ವಾನ್ಸ್ ವಾಪಸ್ ತಗೊಳ್ಳಿ" ಅನ್ನುತ್ತಿದ್ದಾರೆ. ಬೇರೆಯವರಿಗೆ ಮನೆ ತೋರಿಸುತ್ತಿದ್ದಾರೆ ಅಂತಲೂ ಗೊತ್ತಾಯಿತು. ಮಾರುವವರು ತಪ್ಪಿದರೆ ಅಡ್ವಾನ್ಸಿನ ಎರಡರಷ್ಟು ಕೊಡಬೇಕು ಅಂತ ಅಗ್ರಿಮೆಂಟ್‌ನಲ್ಲಿ ಇದೆ. ನಮಗೆ ಮನೆಯೇ ಬೇಕು. ಸಿಗುತ್ತಾ? ಪೊಲೀಸರಿಗೆ ದೂರು ಕೊಡಬಹುದಾ?

ಉತ್ತರ: ಸಿಗುವ ಸಾಧ್ಯತೆ ಇದೆ. ಆದರೆ ಎರಡು ವಿಷಯ ಇನ್ನೂ ತೂಗಾಡುತ್ತಿವೆ. ಒಂದು ತಂಗಿಯ ಪಾಲು, ಇನ್ನೊಂದು ಗಡುವು ಮುಗಿದ ಮೇಲಿನ ಈ ಎಂಟು ತಿಂಗಳು ನೀವು ಏನು ಮಾಡಿದಿರಿ ಅನ್ನುವುದು. ಎರಡನೆಯದನ್ನು ಓದಿ ನಿಮಗೆ ಆಶ್ಚರ್ಯ ಆಗಬಹುದು. ಮಾತು ತಪ್ಪಿದವರು ಅವರು, ಪರೀಕ್ಷೆ ನಮಗ್ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಮನೆ ಬೇಕು ಅಂತ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ಮೊದಲು ನೋಡುವುದು ಕೊಳ್ಳುವವರನ್ನೇ. ಉಳಿದ 70 ಲಕ್ಷ ಕೊಡಲು ನೀವು ಪೂರ್ತಿ ಅವಧಿ ತಯಾರಿದ್ದಿರಾ, ಅದಕ್ಕೆ ಕಾಗದ ಇದೆಯಾ, ಇಷ್ಟೇ. ಮಾರುವವರ ತಪ್ಪು ಎಷ್ಟೇ ದೊಡ್ಡದಿರಲಿ, ಈ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಮನೆ ಕೈತಪ್ಪುತ್ತದೆ.

ಮೊದಲು ನಿಮ್ಮ ಕೈಯಲ್ಲಿ ಏನಿದೆ ಅಂತ ನೋಡೋಣ. ಅಗ್ರಿಮೆಂಟ್ ಆಯಿತು ಅಂದ ಮಾತ್ರಕ್ಕೆ ಮನೆಯಲ್ಲಿ ನಿಮಗೆ ಹಕ್ಕು ಹುಟ್ಟಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 54 ಇದನ್ನು ನೇರವಾಗಿಯೇ ಹೇಳುತ್ತದೆ. ನೋಂದಣಿಯಾದ ಕ್ರಯಪತ್ರ ಕೈಗೆ ಬರುವ ತನಕ ಮನೆ ಅವರದ್ದೇ. ನಿಮಗಿರುವುದು, ಕ್ರಯಪತ್ರ ಮಾಡಿಕೊಡಿ ಅಂತ ಅವರನ್ನು ಒತ್ತಾಯಿಸುವ ಹಕ್ಕು. ಹಾಗಂತ ಅದು ಸಣ್ಣ ಹಕ್ಕೇನಲ್ಲ.

ನೋಂದಣಿ ಆಗಿಲ್ಲ ಅಂತ ಹೆದರಬೇಡಿ. 1908ರ ನೋಂದಣಿ ಕಾಯ್ದೆಯ ಸೆಕ್ಷನ್ 49ರಲ್ಲಿ ಒಂದು ವಿನಾಯಿತಿ ಇದೆ. ನೋಂದಣಿಯಾಗದ ಕರಾರನ್ನೂ, ಅದನ್ನು ಪಾಲಿಸುವಂತೆ ಕೇಳುವ ದಾವೆಯಲ್ಲಿ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು. ನೋಂದಣಿ ಆಗಿದ್ದರೆ ಇಸಿಯಲ್ಲಿ (ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಪ್ರಮಾಣಪತ್ರ) ನಿಮ್ಮ ಅಗ್ರಿಮೆಂಟ್ ಕಾಣುತ್ತಿತ್ತು, ಹೊಸದಾಗಿ ಕೊಳ್ಳಲು ಬರುವವರು ಗೊತ್ತಿರಲಿಲ್ಲ ಅನ್ನಲು ಕಷ್ಟವಾಗುತ್ತಿತ್ತು. ಆ ಅನುಕೂಲ ಈಗ ನಿಮಗಿಲ್ಲ. ಅದಕ್ಕೇ ಮುಂದಿನ ಹೆಜ್ಜೆಗಳು ಬೇಗ ಆಗಬೇಕು ಅನ್ನುತ್ತಿದ್ದೇನೆ.

ಹೆದರಬೇಕಾದ್ದು ಛಾಪಾ ಶುಲ್ಕಕ್ಕೆ. ಈಗಲೇ ಅಗ್ರಿಮೆಂಟ್ ತೆಗೆದು, ಸ್ವಾಧೀನ ಕೊಟ್ಟಿದ್ದೇವೆ ಅಂತ ಎಲ್ಲಾದರೂ ಒಂದು ಸಾಲು ಬರೆದಿದೆಯಾ ನೋಡಿ. ಟೈಪ್ ಮಾಡುವವರು ಹಳೆಯ ಪ್ರತಿಯಿಂದ ಎತ್ತಿ ಹಾಕುವಾಗ ಇಂಥ ಸಾಲು ಸುಮ್ನೆ ನುಸುಳಿಬಿಡುತ್ತದೆ, ಬೀಗದ ಕೈ ಯಾರೂ ಕೊಟ್ಟಿರುವುದಿಲ್ಲ. ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರಕ್ಕೆ ಕಟ್ಟುವಷ್ಟೇ ಶುಲ್ಕ ಕಟ್ಟಬೇಕು. ಶೇ 5 ಅಂದರೆ ನಿಮ್ಮ 85 ಲಕ್ಷಕ್ಕೆ 4.25 ಲಕ್ಷ. ಕಡಿಮೆ ಕಟ್ಟಿದ್ದರೆ ಕರ್ನಾಟಕ ಸ್ಟಾಂಪ್ ಕಾಯ್ದೆಯ ಸೆಕ್ಷನ್ 34ರ ಪ್ರಕಾರ ಕೊರತೆಯ ಹತ್ತು ಪಟ್ಟು ದಂಡ. ಅಂದರೆ ದಂಡವೇ ನಲವತ್ತು ಲಕ್ಷ ದಾಟಬಹುದು! ಇದನ್ನು ಕಟ್ಟುವ ತನಕ ಕೋರ್ಟ್ ಆ ಕಾಗದವನ್ನು ಸಾಕ್ಷ್ಯವಾಗಿ ಒಪ್ಪುವುದಿಲ್ಲ, ದಂಡ ಇಳಿಸುವ ಅಧಿಕಾರವೂ ಅದಕ್ಕಿಲ್ಲ. ಆದರೆ ಕಾಗದವನ್ನು ಕಾಯ್ದೆ ಹೇಳುವ ಜಿಲ್ಲಾ ಮಟ್ಟದ ಅಧಿಕಾರಿಗೆ ಕಳುಹಿಸಿ ಅಂತ ಕೇಳಿಕೊಳ್ಳಬಹುದು. ಎಷ್ಟು ದಂಡ ಹಾಕಬೇಕು ಅನ್ನುವುದರಲ್ಲಿ ಅವರಿಗೆ ವಿವೇಚನೆ ಇದೆ. ಸ್ವಾಧೀನದ ಮಾತು ಇಲ್ಲದಿದ್ದರೆ ಶುಲ್ಕ ಚಿಕ್ಕದು, ಕೊರತೆ ಇದ್ದರೂ ಕಟ್ಟಿ ಮುಗಿಸಬಹುದು.

ಈಗ ಮುಖ್ಯ ದಾರಿಗೆ ಬರೋಣ. ಕರಾರಿನ ಪ್ರಕಾರ ಕ್ರಯಪತ್ರ ಮಾಡಿಕೊಡಿ ಅಂತ ಕೋರ್ಟಿನಿಂದಲೇ ಆದೇಶ ಪಡೆಯುವುದು. ಲಾಯರ್‌ಗಳ ಬಾಯಲ್ಲಿ ಇದು ಸ್ಪೆಸಿಫಿಕ್ ಪರ್ಫಾರ್ಮೆನ್ಸ್ ದಾವೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಮೊದಲು ಇದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿತ್ತು. ಕರಾರು ನಿಜ, ತಪ್ಪು ಮಾರುವವರದ್ದೇ ಅಂತ ಸಾಬೀತಾದರೂ, ಮನೆ ಕೊಟ್ಟರೆ ಅವರಿಗೆ ತುಂಬಾ ಕಷ್ಟ ಆಗುತ್ತದೆ ಅನ್ನಿಸಿದರೆ ದುಡ್ಡು ವಾಪಸ್ ಕೊಡಿಸಿ ಮುಗಿಸಬಹುದಿತ್ತು. 2018ರ ತಿದ್ದುಪಡಿ ಇದನ್ನು ಬದಲಿಸಿತು. ಅದು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ನಿಮ್ಮ ಅಗ್ರಿಮೆಂಟ್ ಅದಾದ ಮೇಲಿನದ್ದು, ಹಾಗಾಗಿ ಹೊಸ ನಿಯಮವೇ ನಿಮಗೆ ಅನ್ವಯ. ಕಾಯ್ದೆಯಲ್ಲೇ ಹೇಳಿರುವ ಕೆಲವು ಅಡ್ಡಿಗಳು ಇಲ್ಲದಿದ್ದರೆ ಕೋರ್ಟ್ ಕರಾರನ್ನು ಜಾರಿ ಮಾಡಲೇಬೇಕು. ರೇಟು ಏರಿತು ಅನ್ನುವುದು ಆ ಅಡ್ಡಿಗಳಲ್ಲಿ ಇಲ್ಲ. ರೇಟು ಇಳಿದಿದ್ದರೆ ಅವರೇನು ನಿಮಗೆ 20 ಲಕ್ಷ ಬಿಡುತ್ತಿದ್ದರಾ?

ಅಡ್ಡಿಗಳಲ್ಲಿ ಮುಖ್ಯವಾದದ್ದು ಸೆಕ್ಷನ್ 16(ಸಿ). ಕೊಳ್ಳುವವರು ತಮ್ಮ ಪಾಲಿನ ಕೆಲಸ ಮಾಡಲು ಸಿದ್ಧರಾಗಿದ್ದರು, ಮಾಡುವ ಮನಸ್ಸೂ ಇತ್ತು, ಎರಡನ್ನೂ ಸಾಬೀತು ಮಾಡಬೇಕು. ಸಿದ್ಧರಾಗಿರುವುದು ಅಂದರೆ ದುಡ್ಡು. ಮನಸ್ಸು ಅಂದರೆ ನಡವಳಿಕೆ. ಇವನ್ನು ಕೋರ್ಟ್ ಬೇರೆ ಬೇರೆಯಾಗಿ ನೋಡುತ್ತದೆ. ಖಾತೆಯಲ್ಲಿ ಕೋಟಿ ಇದ್ದೂ ಒಂದೇ ಒಂದು ಪತ್ರ ಬರೆಯದೆ ಎರಡು ವರ್ಷ ಸುಮ್ಮನಿದ್ದವರು ಇಲ್ಲಿ ಸೋಲುತ್ತಾರೆ. ದಿನಾ ಮೆಸೇಜ್ ಮಾಡಿ, ದುಡ್ಡು ಎಲ್ಲಿಂದ ಬರುತ್ತದೆ ಅಂತ ತೋರಿಸಲಾಗದವರೂ ಸೋಲುತ್ತಾರೆ.

ಪೂರ್ತಿ 70 ಲಕ್ಷವನ್ನು ಖಾತೆಯಲ್ಲಿ ಇಟ್ಟುಕೊಂಡು ಕೂರಬೇಕಿಲ್ಲ, ಕೋರ್ಟ್ ಹೇಳದ ಹೊರತು ಮೊದಲೇ ಠೇವಣಿ ಇಡಬೇಕಾಗಿಯೂ ಇಲ್ಲ. ಬೇಕಾದಾಗ ತರುವ ಶಕ್ತಿ ಇದೆ ಅಂತ ತೋರಿಸಿದರೆ ಸಾಕು. ನಿಮ್ಮ ಸಾಲದ ಮಂಜೂರಾತಿ ಪತ್ರ ಇಲ್ಲಿ ಚಿನ್ನ. ಆದರೆ ಅದರ ಅವಧಿ ನೋಡಿ. ಸಾಮಾನ್ಯವಾಗಿ ಮಂಜೂರಾತಿ ಕೆಲವೇ ತಿಂಗಳಿಗೆ ಸೀಮಿತ. ನಿಮ್ಮದು ಮುಗಿದಿರಬಹುದು, ಮುಗಿದಿದ್ದರೆ ಈ ವಾರವೇ ಬ್ಯಾಂಕಿಗೆ ಹೋಗಿ ನವೀಕರಿಸಿಕೊಳ್ಳಿ, ಆಗದಿದ್ದರೆ ನಿಮ್ಮ ಆದಾಯದ ಮೇಲೆ ಇಷ್ಟು ಸಾಲ ಸಿಗುತ್ತದೆ ಅಂತ ಬರವಣಿಗೆಯಲ್ಲಾದರೂ ತನ್ನಿ. ಸಾಲ ಬಿಟ್ಟು ನಿಮ್ಮ ಕೈಯಿಂದ ಹಾಕಬೇಕಾದ ಮೊತ್ತಕ್ಕೆ ಠೇವಣಿ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ. ಅಗ್ರಿಮೆಂಟ್ ದಿನದಿಂದ ಇವತ್ತಿನ ತನಕದ್ದು ಬೇಕು. ಬರೀ ಇವತ್ತಿನ ಬ್ಯಾಲೆನ್ಸ್ ತೋರಿಸಿದರೆ, ಆರು ತಿಂಗಳು ಮುಗಿದ ದಿನ ಎಷ್ಟಿತ್ತು ಅಂತ ಎದುರು ಲಾಯರ್ ಕೇಳಿಯೇ ಕೇಳುತ್ತಾರೆ. ಈ ಸಿದ್ಧತೆ ಕೇಸ್ ಮುಗಿಯುವ ತನಕ ಇರಬೇಕು, ಹಾಗಾಗಿ ದಾವೆ ಹಾಕಿದ ಮೇಲೆ ಆ ದುಡ್ಡಲ್ಲಿ ಇನ್ನೊಂದು ಸೈಟು ಕೊಳ್ಳುವ ಯೋಚನೆ ಬೇಡ.

ಇನ್ನು ತಂಗಿಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ತಂದದ್ದು ಇದೇ. ಆಕೆ ಅಗ್ರಿಮೆಂಟ್‌ಗೆ ಸಹಿ ಹಾಕಿಲ್ಲ ಅಂತ ಅಂದುಕೊಳ್ಳುತ್ತೇನೆ. ಮನೆ ಅಣ್ಣನೇ ಸಂಪಾದಿಸಿದ್ದಾಗಿದ್ದರೆ ತಂಗಿಯ ಸಹಿ ಬರೀ ನೆಪ, ಬ್ಯಾಂಕಿನ ಲಾಯರ್ ಸಮಾಧಾನಕ್ಕೆ ಕೇಳಿರಬಹುದು ಅಷ್ಟೆ. ತಂದೆಯ ಸ್ವಯಾರ್ಜಿತ ಮನೆಯಾಗಿದ್ದು ಅವರು ವಿಲ್ ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗಳಿಗೂ ಮಗನಷ್ಟೇ ಪಾಲು. ಪಿತ್ರಾರ್ಜಿತವಾಗಿದ್ದರೂ 2005ರ ತಿದ್ದುಪಡಿ ಆದ ಮೇಲೆ ಮಗಳು ಹುಟ್ಟಿನಿಂದಲೇ ಪಾಲುದಾರಳು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಿತ್ತು ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ತಳ್ಳಿಹಾಕಿತು. ಸಹಿ ಹಾಕದ ಪಾಲುದಾರಳನ್ನು, ಆಕೆ ಅಣ್ಣನಿಗೆ ಅಧಿಕಾರ ಪತ್ರ ಕೊಟ್ಟಿದ್ದಳು ಅನ್ನುವಂಥ ಬೇರೆ ಕಾರಣ ಇಲ್ಲದಿದ್ದರೆ, ನಿಮ್ಮ ಅಗ್ರಿಮೆಂಟ್ ಕಟ್ಟಿಹಾಕುವುದಿಲ್ಲ. ಆಕೆ ಯಾವ ತಪ್ಪೂ ಮಾಡಿಲ್ಲವಲ್ಲ.

ಹಾಗಾದರೆ? ತಂಗಿ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ಬರೆದುಕೊಟ್ಟ ದಿನ ಅಣ್ಣನಿಗೆ ಪೂರ್ತಿ ಹಕ್ಕು ಬರುತ್ತದೆ, ಆಗ ಅವರು ನಿಮಗೆ ಪೂರ್ತಿ ಮನೆ ಮಾರಲೇಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 13 ಇದಕ್ಕೇ ಇರುವುದು. ಆಕೆ ಕೊಡುವುದೇ ಇಲ್ಲ ಅಂದರೆ ಸೆಕ್ಷನ್ 12ರ ಕೆಳಗೆ ಅಣ್ಣನ ಪಾಲನ್ನು ಮಾತ್ರ ಕೇಳಬಹುದು. ಉಳಿದ ಭಾಗದ ಮೇಲಿನ ಹಕ್ಕನ್ನೂ ಅದಕ್ಕೆ ಪರಿಹಾರ ಕೇಳುವ ಹಕ್ಕನ್ನೂ ಬಿಟ್ಟುಕೊಡಬೇಕಾಗುತ್ತದೆ. ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತದೆ, ಆದರೆ ನಾನು ಸಾಮಾನ್ಯವಾಗಿ ಬೇಡ ಅನ್ನುತ್ತೇನೆ. ಪಾಲಾಗದ ಕುಟುಂಬದ ವಾಸದ ಮನೆಯಲ್ಲಿ ಹೊರಗಿನವರು ಒಂದು ಪಾಲು ಕೊಂಡರೆ ಅವರು ಒಳಗೆ ಹೋಗಿ ಜೊತೆಯಲ್ಲಿ ವಾಸ ಮಾಡುವ ಹಾಗಿಲ್ಲ. ಪಾಲು ಕೇಳಿ ಇನ್ನೊಂದು ದಾವೆ ಹಾಕಬೇಕು. ಹಾಕಿದರೆ, ನಿಮ್ಮ ಪಾಲನ್ನು ಮೌಲ್ಯ ಕಟ್ಟಿಸಿ ತಾನೇ ಕೊಳ್ಳುತ್ತೇನೆ ಅನ್ನುವ ಹಕ್ಕು 1893ರ ವಿಭಾಗ ಕಾಯ್ದೆಯಡಿ ತಂಗಿಗಿದೆ. ಅಷ್ಟು ವರ್ಷ ಕಾದು ಕೊನೆಗೆ ದುಡ್ಡೇ ಕೈಗೆ ಬರುವುದಾದರೆ ಅದಕ್ಕೆ ಇನ್ನೂ ಹತ್ತಿರದ ದಾರಿ ಇದೆ, ಅಲ್ವಾ?

ಅದಕ್ಕೇ ಮೊದಲ ಕೆಲಸ: ಮೂಲ ಕ್ರಯಪತ್ರ, ಹಳೆಯ ಇಸಿ, ಖಾತಾ, ವಂಶವೃಕ್ಷ ಇಟ್ಟುಕೊಂಡು ಮನೆ ನಿಜಕ್ಕೂ ಯಾರದ್ದು ಅಂತ ಲಾಯರ್ ಹತ್ತಿರ ಓದಿಸಿ. ಸಾಧ್ಯವಾದರೆ ತಂಗಿಯ ಜೊತೆ ನೀವೇ ಮಾತಾಡಿ. ಎಷ್ಟೋ ಸಲ ತಂಗಿಗೆ ಮಾರಾಟದ ವಿಷಯವೇ ಗೊತ್ತಿರುವುದಿಲ್ಲ, ಇಲ್ಲವೇ ಆಕೆಯ ಪಾಲಿನ ಹಣದ ಲೆಕ್ಕ ಅಣ್ಣ ಹೇಳಿರುವುದಿಲ್ಲ, ಗಂಟು ಇರುವುದು ಅಲ್ಲೇ.

ಎರಡರಷ್ಟು ವಾಪಸ್ ಅನ್ನುವ ಷರತ್ತನ್ನು ತೋರಿಸಿ, "30 ಲಕ್ಷ ಬಿಸಾಕ್ತೀನಿ, ಮನೆ ಕೊಡಲ್ಲ" ಅಂತ ಅವರು ಹೇಳಬಹುದು. ಹೇಳಲಿ. ಕರಾರು ಮುರಿದರೆ ಇಷ್ಟು ಕೊಡಬೇಕು ಅಂತ ಬರೆದ ಮಾತ್ರಕ್ಕೆ ಮನೆ ಕೇಳುವ ನಿಮ್ಮ ಹಕ್ಕು ಹೋಗುವುದಿಲ್ಲ, ಇದು ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 23ರಲ್ಲಿದೆ. ಮನೆಯಾದರೂ ಕೊಡಬಹುದು ಇಲ್ಲವೇ ಹಣವಾದರೂ ಕೊಡಬಹುದು, ಆಯ್ಕೆ ಮಾರುವವರದ್ದು ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಕಥೆ ಬೇರೆ. ನಿಮ್ಮ ಕಡೆಯಿಂದಲೂ ಈ ಷರತ್ತಿನ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 1872ರ ಕರಾರು ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಬರೆದ ಮೊತ್ತ ಒಂದು ಮೇಲ್ಮಿತಿ ಅಷ್ಟೆ. ಅದರೊಳಗೆ ನ್ಯಾಯವಾದದ್ದು ಎಷ್ಟು ಅಂತ ಕೋರ್ಟ್ ತೀರ್ಮಾನಿಸುತ್ತದೆ.

ಇದಕ್ಕಿಂತ ಅಪಾಯದ ಆಟ ಇನ್ನೊಂದಿದೆ. ಒಂದು ದಿನ ಬೆಳಗ್ಗೆ ನಿಮ್ಮ ಖಾತೆಗೆ 15 ಲಕ್ಷ ಬಂದು ಬಿದ್ದಿರುತ್ತದೆ, ಜೊತೆಗೆ ಕರಾರು ರದ್ದು ಮಾಡಿದ್ದೇವೆ ಅಂತ ಒಂದು ನೋಟಿಸ್. ಮುಟ್ಟಬೇಡಿ. ಕೂಡಲೇ ಹಿಂತಿರುಗಿಸಿ, ರದ್ದತಿಯನ್ನು ಒಪ್ಪಿಲ್ಲ ಅಂತ ಬರವಣಿಗೆಯಲ್ಲಿ ಹೇಳಿ. ಮಾರುವವರು ವಾಪಸ್ ಕಳಿಸಿದ ಡಿಡಿಗಳನ್ನು ನಗದು ಮಾಡಿಕೊಂಡಿದ್ದ ಒಬ್ಬ ಕೊಳ್ಳುವವರಿಗೆ 2025ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಮನೆ ಸಿಗಲಿಲ್ಲ. ಹಣ ತೆಗೆದುಕೊಂಡ ಮೇಲೆ ಕರಾರು ನಡೆಸುವ ಮನಸ್ಸು ಎಲ್ಲಿತ್ತು ಅನ್ನುವುದು ಅಲ್ಲಿ ಬಂದ ಪ್ರಶ್ನೆ. ರದ್ದತಿ ನೋಟಿಸ್ ಬಂದಿದ್ದರೆ ದಾವೆಯಲ್ಲಿ ಇನ್ನೊಂದು ಬೇಡಿಕೆ ಸೇರಿಸಬೇಕು: ಆ ರದ್ದತಿ ಕಾನೂನುಬಾಹಿರ ಅಂತ ಘೋಷಿಸಿ ಅಂತ. ಇದನ್ನು ಮರೆತು ಸೋತ ಕೇಸುಗಳಿವೆ.

20 ಲಕ್ಷ ಜಾಸ್ತಿ ಕೊಡುವ ಬಗ್ಗೆ ಮಾತುಕತೆ ನಡೆಯುತ್ತಿದ್ದರೆ ವಾಟ್ಸ್ಆ್ಯಪ್‌ನಲ್ಲಿ ಏನು ಬರೆಯುತ್ತೀರಿ ಅಂತ ಹುಷಾರಾಗಿರಿ. "ನೋಡೋಣ ಸರ್, 10 ಲಕ್ಷ ಮಾಡಿ" ಅನ್ನುವ ಒಂದು ಸಾಲು, ಹಳೆಯ ಕರಾರು ಬಿಟ್ಟು ಹೊಸ ರೇಟಿಗೆ ನೀವೇ ಒಪ್ಪಿದಿರಿ ಅನ್ನುವ ವಾದಕ್ಕೆ ದಾರಿ ಮಾಡುತ್ತದೆ. ಮಾತಾಡಬೇಕಿದ್ದರೆ, ಹಳೆಯ ಅಗ್ರಿಮೆಂಟ್‌ನ ಹಕ್ಕುಗಳನ್ನು ಉಳಿಸಿಕೊಂಡೇ ಮಾತಾಡುತ್ತಿದ್ದೇನೆ ಅಂತ ಮೊದಲೇ ಬರೆಯಿರಿ. ಅವರು ಕಳಿಸಿದ ಹಳೆಯ ಮೆಸೇಜ್‌ಗಳನ್ನಂತೂ ಅಳಿಸಲೇಬೇಡಿ. ತಂಗಿ ಸಹಿಗೆ ತಡೀರಿ ಅಂತ ಅವರೇ ಕೇಳಿಕೊಂಡದ್ದು, ತಡ ಆಗಿದ್ದು ಯಾರಿಂದ ಅನ್ನುವುದಕ್ಕೆ ನಿಮ್ಮ ದೊಡ್ಡ ಸಾಕ್ಷ್ಯ. ಫೋನ್ ಬದಲಾಯಿಸುವ ಮೊದಲು ಬ್ಯಾಕಪ್ ಮಾಡಿ. ಹಳೆಯ ಫೋನ್ ಅನ್ನೂ ಎಸೆಯಬೇಡಿ.

ಈಗ ನೋಟಿಸ್. ಕೊಟ್ಟ ಹಣದ ವಿವರ, ಸಾಲದ ಮಂಜೂರಾತಿ, ಎಷ್ಟು ಸಲ ಕೇಳಿದ್ದೀರಿ, ಅವರು ಏನು ಹೇಳಿದರು, ಎಲ್ಲ ಅದರಲ್ಲಿ ಬರಲಿ. ಕೊನೆಗೆ, ಇಂಥ ದಿನ ಇಷ್ಟು ಗಂಟೆಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬನ್ನಿ, ಉಳಿದ ಹಣದೊಂದಿಗೆ ನಾವು ಬರುತ್ತೇವೆ ಅಂತ ಕರೆಯಿರಿ. ಆ ದಿನ ನಿಜವಾಗಿ ಹೋಗಿ. ಅಲ್ಲಿ ಇದ್ದದ್ದಕ್ಕೆ ಏನಾದರೂ ದಾಖಲೆ ಮಾಡಿಕೊಳ್ಳಿ, ಬರಲಿಲ್ಲ ಅಂತ ಅವತ್ತೇ ಇನ್ನೊಂದು ಪತ್ರ ಹಾಕಿ. ಅಂಚೆಯಲ್ಲಿ, ತಲುಪಿದ್ದಕ್ಕೆ ಪುರಾವೆ ಸಿಗುವ ಹಾಗೆ ಕಳಿಸಿ. ಬೈಗುಳ, ಬೆದರಿಕೆ ಬೇಡ. ಇದನ್ನು ಮುಂದೆ ಓದುವವರು ನ್ಯಾಯಾಧೀಶರು.

ಬೇರೆಯವರಿಗೆ ಮನೆ ತೋರಿಸುತ್ತಿದ್ದಾರೆ ಅಂದಿರಿ. ಇಲ್ಲಿ ಕಾನೂನು ಹೀಗಿದೆ. ನಿಮ್ಮ ಅಗ್ರಿಮೆಂಟ್ ವಿಷಯ ಗೊತ್ತಿಲ್ಲದೆ, ಪ್ರಾಮಾಣಿಕವಾಗಿ, ಪೂರ್ತಿ ಹಣ ಕೊಟ್ಟು ಯಾರಾದರೂ ಕೊಂಡುಬಿಟ್ಟರೆ ಅವರಿಂದ ಮನೆ ಕಿತ್ತುಕೊಳ್ಳಲು ಆಗುವುದಿಲ್ಲ. ಗೊತ್ತಿದ್ದೂ ಕೊಂಡರೆ ಅವರೂ ನಿಮಗೆ ಕ್ರಯಪತ್ರ ಮಾಡಿಕೊಡಬೇಕಾಗುತ್ತದೆ. ಹಾಗಾಗಿ ಗೊತ್ತು ಮಾಡುವುದೇ ನಿಮ್ಮ ಕೆಲಸ. ಕೊಳ್ಳಲು ಬಂದವರು ಯಾರು ಅಂತ ತಿಳಿದರೆ ಅವರಿಗೂ ನೋಟಿಸ್ ಕಳಿಸಿ, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿ. ದಾವೆ ಹಾಕುವಾಗಲೇ ಮನೆಯನ್ನು ಪರಭಾರೆ ಮಾಡದಂತೆ, ಅಂದರೆ ಬೇರೆಯವರಿಗೆ ವರ್ಗಾಯಿಸದಂತೆ, ತಡೆಯಾಜ್ಞೆ ಕೇಳಿ. ದಾವೆ ಸಲ್ಲಿಸಿದ ದಿನದಿಂದ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 52 ನಿಮ್ಮ ರಕ್ಷಣೆಗಿದೆ. ಆಮೇಲೆ ಯಾರೇ ಕೊಂಡರೂ ನಿಮ್ಮ ಕೇಸಿನ ತೀರ್ಪಿಗೆ ಬದ್ಧರು, ಗೊತ್ತಿರಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಆಗಾಗ ತೆಗೆದು ನೋಡುತ್ತಿರಿ.

ಒಂದು ತಪ್ಪು ದಾರಿ ಹೇಳಿಬಿಡುತ್ತೇನೆ. ಕೋರ್ಟ್ ಫೀ ಉಳಿಸಲು ಮೊದಲು ಬರೀ ತಡೆಯಾಜ್ಞೆಗೆ ದಾವೆ ಹಾಕೋಣ, ಮನೆ ಕೇಳುವುದು ಆಮೇಲೆ ಅಂತ ಕೆಲವರು ಸಲಹೆ ಕೊಡುತ್ತಾರೆ. ಕೇಳಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 2 ರೂಲ್ 2ರ ಪ್ರಕಾರ, ಮೊದಲ ದಾವೆಯಲ್ಲೇ ಕೇಳಬಹುದಾಗಿದ್ದ ಪರಿಹಾರವನ್ನು ಕೋರ್ಟ್ ಅನುಮತಿ ಇಲ್ಲದೆ ಬಿಟ್ಟರೆ ಆಮೇಲೆ ಕೇಳುವ ಹಾಗಿಲ್ಲ. ಕರ್ನಾಟಕದಲ್ಲಿ ಇಂಥ ದಾವೆಯ ಕೋರ್ಟ್ ಫೀ ಪೂರ್ತಿ ಕ್ರಯದ ಮೊತ್ತದ ಮೇಲೆ, ಅಂದರೆ 85 ಲಕ್ಷದ ಮೇಲೆ ಲೆಕ್ಕ. ಭಾರವೇ, ಆದರೆ ಇಲ್ಲಿ ಉಳಿಸಲು ಹೋದರೆ ಮನೆಯೇ ಹೋಗುತ್ತದೆ.

ಅದೇ ದಾವೆಯಲ್ಲಿ ಬದಲಿ ಬೇಡಿಕೆಗಳೂ ಇರಲಿ. ಕ್ರಯಪತ್ರದ ಜೊತೆ ಸ್ವಾಧೀನ ಬೇಕು, ಮನೆ ಕೊಡಿಸಲು ಆಗದಿದ್ದರೆ 15 ಲಕ್ಷ ಬಡ್ಡಿ ಸಮೇತ ವಾಪಸ್ ಬೇಕು, ನಷ್ಟಕ್ಕೆ ಪರಿಹಾರ ಬೇಕು, ಎಲ್ಲವನ್ನೂ ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಕೋರ್ಟ್ ತಾನಾಗಿ ಅಡ್ವಾನ್ಸ್ ವಾಪಸ್ ಕೊಡಿಸುವಂತಿಲ್ಲ. ಮರೆತಿದ್ದರೆ ನಡುವೆ ತಿದ್ದುಪಡಿ ಮಾಡಿ ಸೇರಿಸಬಹುದು ಅನ್ನುವುದೊಂದು ಸಮಾಧಾನ. ನಷ್ಟ ಅಂದರೆ ಸಾಮಾನ್ಯವಾಗಿ ಒಪ್ಪಿದ ಬೆಲೆಗೂ ಕರಾರು ಮುರಿದ ದಿನದ ಮಾರುಕಟ್ಟೆ ಬೆಲೆಗೂ ಇರುವ ವ್ಯತ್ಯಾಸ. ಇಲ್ಲೊಂದು ತಮಾಷೆ ಇದೆ: ರೇಟು 20 ಲಕ್ಷ ಏರಿದೆ ಅಂತ ಅವರೇ ಹೇಳಿದ್ದಾರಲ್ಲ, ಅದನ್ನು ಮೆಸೇಜ್‌ನಲ್ಲಿ ಹೇಳಿದ್ದರೆ ನಿಮ್ಮ ನಷ್ಟಕ್ಕೆ ಅವರೇ ಸಾಕ್ಷಿ. ಆದರೂ ಮೌಲ್ಯಮಾಪಕರ ವರದಿ ಇರಲಿ.

ಕೊಟ್ಟ ಹಣಕ್ಕೆ ಇನ್ನೊಂದು ರಕ್ಷಣೆ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 55(6)(ಬಿ) ಪ್ರಕಾರ, ಕೊಳ್ಳುವವರು ತಾವೇ ಸರಿಯಾದ ಕಾರಣವಿಲ್ಲದೆ ಹಿಂದೆ ಸರಿಯದಿದ್ದರೆ, ಮುಂಗಡ ಕೊಟ್ಟ ಹಣಕ್ಕೆ ಮತ್ತು ಅದರ ಬಡ್ಡಿಗೆ ಆ ಮನೆಯಲ್ಲಿ ಮಾರುವವರಿಗಿರುವ ಹಕ್ಕಿನ ಮೇಲೆಯೇ ಋಣಭಾರ ಇರುತ್ತದೆ. ಅಂದರೆ ಅವರ ಕೈಲಿ ದುಡ್ಡಿಲ್ಲ ಅಂದರೂ ಅವರ ಪಾಲು ಮಾರಿಸಿ ವಸೂಲು ಮಾಡಬಹುದು. ದಾವೆಯಲ್ಲಿ ಈ ಋಣಭಾರವನ್ನೂ ಘೋಷಿಸಿ ಅಂತ ಕೇಳಿಸಿ.

ನೀವು ಎರಡೂ ಕಂತನ್ನು ಬ್ಯಾಂಕ್ ಮೂಲಕ ಕೊಟ್ಟದ್ದು ಒಳ್ಳೆಯದೇ ಆಯಿತು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನದೇ ಒಂದು ಆಸ್ತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. 2 ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟು ನಗದು ಕೊಟ್ಟಿದ್ದೇವೆ ಅಂತ ದಾವೆ ಬಂದರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಿ ಅಂತ ಕೆಳಗಿನ ಕೋರ್ಟ್‌ಗಳಿಗೆ ಹೇಳಿದೆ. ಕಾಗದದಲ್ಲಿ ಇಲ್ಲದ ಹಣ ಏನಾದರೂ ಕೈ ಬದಲಾಗಿದ್ದರೆ ದಾವೆಗೆ ಮೊದಲೇ ನಿಮ್ಮ ಲಾಯರ್‌ಗೆ ಹೇಳಿ.

ಸಮಯ ಎಷ್ಟಿದೆ? ದಿನಾಂಕ ನಿಗದಿಯಾಗಿರುವ ಕರಾರಿಗೆ ಆ ದಿನದಿಂದ ಮೂರು ವರ್ಷ. ನಿಮ್ಮ ಆರು ತಿಂಗಳು ಮುಗಿದ ದಿನದಿಂದ ಲೆಕ್ಕ, ಹಾಗಾಗಿ ಇನ್ನೂ ಎರಡು ವರ್ಷ ನಾಲ್ಕು ತಿಂಗಳು ಉಳಿದಿದೆ. ಇದನ್ನು ಪೂರ್ತಿ ಬಳಸಿಕೊಳ್ಳಬೇಡಿ. ಮನೆ ಮಾರಾಟದಲ್ಲಿ ಸಾಮಾನ್ಯವಾಗಿ ದಿನಾಂಕ ಕಟ್ಟುನಿಟ್ಟಲ್ಲ ಅಂತ 1993ರಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠವೇ ಹೇಳಿದೆ. ಆದರೆ ಬೆಲೆಗಳು ಓಡುತ್ತಿರುವ ಕಾಲದಲ್ಲಿ ಕೊಳ್ಳುವವರು ಮೂರು ವರ್ಷದ ಕೊನೆಯ ವಾರದಲ್ಲಿ ಬಂದರೆ ಅವರ ಮನಸ್ಸಿನ ಬಗ್ಗೆಯೇ ಅನುಮಾನ ಬರುತ್ತದೆ ಅನ್ನುವ ಮಾತು 2011ರಿಂದೀಚೆಗೆ ಜೋರಾಗಿದೆ.

ಪೊಲೀಸ್ ದೂರಿನ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ನೀವು ಬರೆದಿರುವಷ್ಟರಲ್ಲಿ ಇದು ಸಿವಿಲ್ ವಿಷಯ. ಮಾತು ತಪ್ಪುವುದೇ ವಂಚನೆ ಅಲ್ಲ. ಅಗ್ರಿಮೆಂಟ್ ಮಾಡುವ ದಿನವೇ ಮೋಸದ ಉದ್ದೇಶ ಇತ್ತು, ಉದಾಹರಣೆಗೆ ಆಗಲೇ ಇನ್ನೊಬ್ಬರಿಗೆ ಮಾರಿದ್ದರು, ಇಲ್ಲವೇ ಸುಳ್ಳು ದಾಖಲೆ ತೋರಿಸಿದ್ದರು ಅಂತ ಸಿಕ್ಕರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318ರ ಕೆಳಗೆ ದೂರು ಕೊಡಬಹುದು. ಬರೀ ಒತ್ತಡ ಹಾಕಲು ಕೊಟ್ಟರೆ ಅದು ಹೈಕೋರ್ಟ್‌ನಲ್ಲಿ ರದ್ದಾಗುವ ಸಾಧ್ಯತೆ ಜಾಸ್ತಿ. ಹಾಗೆ ರದ್ದಾದರೆ ಅವರ ಧೈರ್ಯ ಹೆಚ್ಚುತ್ತದೆ.

ಇದೇ ಪ್ರಶ್ನೆಯನ್ನು ಬಿಲ್ಡರ್ ಫ್ಲ್ಯಾಟ್ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅಲ್ಲಿ ದಾರಿ ಬೇರೆ, ಸ್ವಲ್ಪ ಸುಲಭ. 2016ರ ರೇರಾ ಕಾಯ್ದೆಯ ಸೆಕ್ಷನ್ 18ರ ಪ್ರಕಾರ ಹೇಳಿದ ದಿನ ಫ್ಲ್ಯಾಟ್ ಕೊಡದಿದ್ದರೆ ಪೂರ್ತಿ ಹಣ ಬಡ್ಡಿಯೊಂದಿಗೆ ವಾಪಸ್ ಕೇಳಬಹುದು, ಇಲ್ಲವೇ ಫ್ಲ್ಯಾಟ್ ಉಳಿಸಿಕೊಂಡು ತಡವಾದ ಪ್ರತಿ ತಿಂಗಳಿಗೆ ಬಡ್ಡಿ ಪಡೆಯಬಹುದು. ಕರ್ನಾಟಕದ ನಿಯಮದಲ್ಲಿ ಬಡ್ಡಿ ಎಸ್‌ಬಿಐನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಬ್ಯಾಂಕ್ ಸಾಲದ ಬಡ್ಡಿಗೆ ಆಧಾರವಾದ) ದರಕ್ಕೆ ಶೇ 2 ಸೇರಿಸಿ. ನಿಮ್ಮ ಕೇಸಿಗೆ ಇದು ಬರುವುದಿಲ್ಲ, ನಿಮ್ಮ ಮಾರುವವರು ಖಾಸಗಿ ಮನೆ ಮಾಲೀಕರು.

ಕೊನೆಗೆ, ಗೆದ್ದರೆ ಏನಾಗುತ್ತದೆ ಮತ್ತು ಎಷ್ಟು ಕಾಲ. ಸಮನ್ಸ್ ತಲುಪಿದ ದಿನದಿಂದ 12 ತಿಂಗಳಲ್ಲಿ, ಹೆಚ್ಚೆಂದರೆ ಇನ್ನಾರು ತಿಂಗಳು ಸೇರಿಸಿ ಕೇಸ್ ಮುಗಿಸಬೇಕು ಅಂತ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿದೆ. ಅದನ್ನು ನಂಬಿ ಬಾಡಿಗೆ ಮನೆ ಬಿಡಬೇಡಿ, ಮೇಲ್ಮನವಿ ಸೇರಿದರೆ ವರ್ಷಗಳೇ ಹಿಡಿಯುತ್ತವೆ. ಡಿಕ್ರಿ, ಅಂದರೆ ನಿಮ್ಮ ಪರ ಕೋರ್ಟಿನ ಆದೇಶ, ಬಂದರೆ ಅದರಲ್ಲಿ ಉಳಿದ ಹಣ ಕಟ್ಟಲು ಗಡುವು ಇರುತ್ತದೆ. ಆ ದಿನ ದಾಟಿದರೆ ಮಾರುವವರು ಅದೇ ಕಾಯ್ದೆಯ ಸೆಕ್ಷನ್ 28ರ ಕೆಳಗೆ ಕರಾರನ್ನೇ ರದ್ದು ಮಾಡಿಸಬಹುದು, ಗೆದ್ದ ಮೇಲೂ ಸೋಲುವುದು ಹೀಗೆ. ಕಟ್ಟಲು ಕಷ್ಟವಾದರೆ ಗಡುವು ಮುಗಿಯುವ ಮೊದಲೇ ಸಮಯ ಕೇಳಿ. ಹಣ ಕಟ್ಟಿದ ಮೇಲೂ ಅವರು ಸಹಿ ಹಾಕದಿದ್ದರೆ ಡಿಕ್ರಿಯನ್ನು ಜಾರಿ ಮಾಡಿಸಿ ಅಂತ ಅಮಲ್ಜಾರಿ ಅರ್ಜಿ ಹಾಕಬೇಕು, ಆಗ ಕೋರ್ಟ್ ನೇಮಿಸಿದ ಅಧಿಕಾರಿಯೇ ಅವರ ಪರವಾಗಿ ಕ್ರಯಪತ್ರಕ್ಕೆ ಸಹಿ ಮಾಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಲಹೆ: ದಾಖಲೆ ನೋಡಿ ಮನೆ ಅಣ್ಣನದ್ದೇ ಅಂತಾದರೆ ಹೋರಾಡಿ. ತಂಗಿಗೆ ನಿಜವಾಗಿ ಪಾಲಿದ್ದು ಆಕೆ ಒಪ್ಪದಿದ್ದರೆ ನೋಟಿಸ್ ಕಳಿಸಿ, ದಾವೆ ಹಾಕಿ, ಆದರೆ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಿದಾಗ ರಾಜಿಗೆ ಮನಸ್ಸು ತೆರೆದಿಡಿ. ಅಲ್ಲಿ ತಂಗಿಯನ್ನೂ ಕೂರಿಸಿ ಮಾತಾಡಬಹುದು. ಆಕೆಯ ಪಾಲನ್ನು ನೇರ ಆಕೆಯ ಖಾತೆಗೆ ಹಾಕುವ ಒಂದೇ ಮಾತಿಗೆ ಎಷ್ಟೋ ಜಗಳ ಬಗೆಹರಿಯುತ್ತವೆ. ಮನೆ ಬಿಟ್ಟು ಹಣಕ್ಕೆ ಒಪ್ಪುವುದಾದರೆ 15 ಲಕ್ಷದ ಜೊತೆ ಬಡ್ಡಿ, ಖರ್ಚು ಮತ್ತು ಏರಿದ ಬೆಲೆಯಲ್ಲಿ ಒಂದು ಪಾಲು ಕೇಳಿ. ಏನೇ ಒಪ್ಪಂದ ಆದರೂ ಬಿಳಿ ಹಾಳೆಯಲ್ಲಿ ಬರೆದು ಮನೆಗೆ ಹೋಗಬೇಡಿ. ರಾಜಿ ಅರ್ಜಿಯಾಗಿ ಕೋರ್ಟಿಗೆ ಸಲ್ಲಿಸಿ, ಕಂತು ಕಟ್ಟುವ ತಾರೀಕು ಮತ್ತು ತಪ್ಪಿದರೆ ಎಷ್ಟು ಬಡ್ಡಿ ಅನ್ನುವುದನ್ನು ಅದರಲ್ಲೇ ಬರೆಸಿ. ಹಣ ಪೂರ್ತಿ ಕೈಗೆ ಬರುವ ತನಕ ಆ ಮನೆಯ ಮೇಲಿನ ಋಣಭಾರ ಮುಂದುವರಿಯುತ್ತದೆ ಅಂತಲೂ ಒಂದು ಸಾಲು ಸೇರಿಸಿಕೊಳ್ಳಿ.